ಆರೇ ಜನರ ಗುಟ್ಟಿನ ಸಂಘ: ಜೆಫರ್ಸನ್ ಸೇರಿದ್ದ ಎಫ್.ಎಚ್.ಸಿ. ಏನಾಯಿತು?

ಪ್ರಶ್ನೆ: ಮಗಳು ಅಮೆರಿಕದಲ್ಲಿ ಓದುತ್ತಿದ್ದಾಳೆ. ಈ ಸಲ ಹೋದಾಗ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ನೋಡಿಕೊಂಡು ಬಂದೆವು. ಅಲ್ಲಿನ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಆ ದೇಶದ ಮೊಟ್ಟಮೊದಲ ವಿದ್ಯಾರ್ಥಿ ಗುಪ್ತಸಂಘ ಇತ್ತಂತೆ. ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಅದರಲ್ಲಿದ್ದರಂತೆ. ಹೆಸರು ‘ಫ್ಲಾಟ್ ಹ್ಯಾಟ್ ಕ್ಲಬ್’, ಅಂದರೆ ಚಪ್ಪಟೆ ಟೋಪಿ ಸಂಘ! ಇದು ನಿಜವೇ? ಹಾಗಿದ್ದರೆ ಅದು ಯಾಕೆ ಮುಚ್ಚಿತು? ಮಗಳ ಕ್ಯಾಂಪಸ್‌ನಲ್ಲಿ ಫ್ರಟರ್ನಿಟಿ ಮನೆಗಳ ಮೇಲೆಲ್ಲ ಗ್ರೀಕ್ ಅಕ್ಷರಗಳಿವೆ. ಇದಕ್ಕೆ ಮಾತ್ರ ಎ, ಬಿ, ಸಿ, ಡಿಯ ಅಕ್ಷರ ಯಾಕೆ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ನಿಮಗೆ ಹೇಳಿದ್ದು ನಿಜ. ಟೋಪಿಯ ವಿಷಯ ಮಾತ್ರ ತಮಾಷೆ.

ಸಂಘದ ಹೆಸರು ಎಫ್.ಎಚ್.ಸಿ. ಸೊಸೈಟಿ. ಹುಟ್ಟಿದ್ದು 1750ರ ನವೆಂಬರ್ 11ರಂದು. ಅಮೆರಿಕ ಅನ್ನುವ ದೇಶ ಹುಟ್ಟುವುದಕ್ಕೆ ಇನ್ನೂ 26 ವರ್ಷ ಬಾಕಿ ಇತ್ತು. ಆ ಮೂರು ಅಕ್ಷರ ಒಂದು ಲ್ಯಾಟಿನ್ ಮಾತಿನ ಮೊದಲಕ್ಷರಗಳು. ‘ಫ್ರಟರ್ನಿಟಾಸ್, ಹ್ಯುಮಾನಿಟಾಸ್, ಕಾಗ್ನಿಷಿಯೊ’ ಅಂತ ಅದನ್ನು ಬಿಡಿಸಿ ಹೇಳುವುದು ರೂಢಿ. ಅಣ್ಣತಮ್ಮಂದಿರ ನಂಟು, ಮನುಷ್ಯತ್ವ, ತಿಳಿವಳಿಕೆ ಅಂದುಕೊಳ್ಳಿ. ಒಳಗಿದ್ದವರು ಇದನ್ನು ಹೊರಗಿನವರಿಗೆ ಹೇಳುವಂತಿರಲಿಲ್ಲ. ಹೇಳದೇ ಇದ್ದರೆ ಕಾಲೇಜು ಹುಡುಗರು ಸುಮ್ನೆ ಬಿಡ್ತಾರಾ? ಎಫ್ ಅಂದರೆ ಫ್ಲಾಟ್, ಎಚ್ ಅಂದರೆ ಹ್ಯಾಟ್, ಸಿ ಅಂದರೆ ಕ್ಲಬ್ ಅಂತ ತಾವೇ ಅರ್ಥ ಹಚ್ಚಿದರು. ನಮ್ಮ ಘಟಿಕೋತ್ಸವದಲ್ಲಿ ಹಾಕುತ್ತಾರಲ್ಲ, ಮೇಲೆ ಹಲಗೆ ಇಟ್ಟಂತೆ ಕಾಣುವ ಚೌಕದ ಕರಿ ಟೋಪಿ, ಅದೇ ಈ ಚಪ್ಪಟೆ ಟೋಪಿ ಅಂತ ಹೇಳುತ್ತಾರೆ. ಅಡ್ಡಹೆಸರು ಎಷ್ಟು ಚೆನ್ನಾಗಿ ಅಂಟಿಕೊಂಡಿತು ಅಂದರೆ ಇವತ್ತು ಲ್ಯಾಟಿನ್ ಮಾತು ಯಾರಿಗೂ ನೆನಪಿಲ್ಲ, ಟೋಪಿ ಎಲ್ಲರಿಗೂ ಗೊತ್ತು.

ನಿಮ್ಮ ಕೊನೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಅವು ಲ್ಯಾಟಿನ್ ಅಕ್ಷರಗಳು. ಆಗ ಲ್ಯಾಟಿನ್ ಬಾರದವನಿಗೆ ಕಾಲೇಜಿನಲ್ಲಿ ಜಾಗ ಇರಲಿಲ್ಲ. ಗುಟ್ಟಿನ ಹೆಸರು ಇಡಬೇಕು ಅಂದರೆ ಹುಡುಗರ ಕೈಗೆ ಮೊದಲು ಸಿಗುತ್ತಿದ್ದದ್ದೇ ಆ ಭಾಷೆ. ಗ್ರೀಕ್ ಹೇಗೆ ಬಂತು ಅನ್ನುವುದರ ಹಿಂದೆ ಒಬ್ಬ ಹುಡುಗನ ಅವಮಾನದ ಕಥೆ ಇದೆ. ಅದು ಸ್ವಲ್ಪ ತಡೆದು ಬರುತ್ತದೆ.

ಒಂದು ಸಣ್ಣ ವಿಷಯ. ಆ ನವೆಂಬರ್ 11 ಹಳೆಯ ಪಂಚಾಂಗದ ತಾರೀಖು. ಬ್ರಿಟನ್ ಮತ್ತು ಅದರ ವಸಾಹತುಗಳು ಕ್ಯಾಲೆಂಡರ್ ಬದಲಿಸಿದ್ದು 1752ರಲ್ಲಿ. ಆ ವರ್ಷ ಸೆಪ್ಟೆಂಬರ್‌ನಲ್ಲಿ 11 ದಿನ ಒಟ್ಟಿಗೆ ಹಾರಿಸಿಬಿಟ್ಟರು. ಜೆಫರ್ಸನ್ ಹುಟ್ಟಿದ ದಿನ ಏಪ್ರಿಲ್ 2 ಇದ್ದದ್ದು ಏಪ್ರಿಲ್ 13 ಆಗಿದ್ದೂ ಹಾಗೇ. ಸಂಘದ ಹುಟ್ಟುಹಬ್ಬವನ್ನು ಮಾತ್ರ ಯಾರೂ ಮುಂದೆ ತಳ್ಳಲಿಲ್ಲ.

ಈಗ ಆ ಕಾಲೇಜು ಹೇಗಿತ್ತು ಅಂತ ಸ್ವಲ್ಪ ನೋಡೋಣ. ವಿಲಿಯಂ ಅಂಡ್ ಮೇರಿಗೆ ಸನ್ನದು ಸಿಕ್ಕಿದ್ದು 1693ರಲ್ಲಿ, ಇಂಗ್ಲೆಂಡಿನ ರಾಜ ಮೂರನೇ ವಿಲಿಯಂ ಮತ್ತು ರಾಣಿ ಎರಡನೇ ಮೇರಿಯಿಂದ. ಹೆಸರೂ ಅವರದೇ. ಅಮೆರಿಕದಲ್ಲಿ ಹಾರ್ವರ್ಡ್ ಬಿಟ್ಟರೆ ಇದೇ ಹಳೆಯದು. ನೀವು ನೋಡಿರುತ್ತೀರಿ, ಕೆಂಪು ಇಟ್ಟಿಗೆಯ ರೆನ್ ಕಟ್ಟಡ. ಆಗ ಪಾಠ, ಊಟ, ಪ್ರಾರ್ಥನೆ, ನಿದ್ದೆ ಎಲ್ಲವೂ ಹೆಚ್ಚುಕಡಿಮೆ ಆ ಒಂದೇ ಕಟ್ಟಡದಲ್ಲಿ. ಅದರ ಮುಂದಿನಿಂದ ಹೊರಡುವ ನೇರ ರಸ್ತೆಯ ಇನ್ನೊಂದು ತುದಿಯಲ್ಲಿ ವರ್ಜೀನಿಯಾದ ಶಾಸನಸಭೆ. ನಡುವೆ ಚರ್ಚು, ಅಂಗಡಿ, ಹೆಂಡದ ಮನೆಗಳು. ಸಭೆ ಸೇರಿದ ದಿನಗಳಲ್ಲಿ ಊರು ತುಂಬುತ್ತಿತ್ತು, ಉಳಿದಂತೆ ಸಣ್ಣ ಊರು. ಕಾಲೇಜಿಗೆ ಬರುತ್ತಿದ್ದವರು ಬಹುಪಾಲು ತಂಬಾಕು ತೋಟದ ಸಾಹುಕಾರರ ಮಕ್ಕಳು. ಒಬ್ಬರಿಗೊಬ್ಬರು ದಾಯಾದಿಗಳೋ ಬೀಗರ ಕಡೆಯವರೋ ಆಗಿರುತ್ತಿದ್ದರು.

ಇಂಥ ಕಡೆ ಆರು ಜನ ಹುಡುಗರು ಸೇರಿ ಒಂದು ಗುಟ್ಟಿನ ಸಂಘ ಕಟ್ಟಿಕೊಂಡರು. ಬೇರೆಯವರಿಗೆ ಗೊತ್ತಾಗದ ಹಾಗೆ ಕೈ ಕುಲುಕುವ ರೀತಿ ಇತ್ತು. ಬೆಳ್ಳಿಯ ಪದಕ ಇತ್ತು. ಸೇರಿದವರಿಗೆ ಸರ್ಟಿಫಿಕೇಟ್ ಕೊಡುತ್ತಿದ್ದರು. ‘ಸ್ಟಬಿಲಿಟಾಸ್ ಎಟ್ ಫಿಡೆಸ್’, ಅಂದರೆ ಸ್ಥಿರತೆ ಮತ್ತು ನಂಬಿಕೆ, ಅನ್ನುವುದು ಧ್ಯೇಯವಾಕ್ಯ. ಆಗಾಗ ಸೇರುವುದು, ಮಾತಾಡುವುದು, ವಾದ ಮಾಡುವುದು, ಕುಡಿಯುವುದು. ಸ್ವಂತ ಮನೆಯಿಲ್ಲ, ಬೋರ್ಡಿಲ್ಲ. ನಿಮ್ಮ ಮಗಳ ಕ್ಯಾಂಪಸ್‌ನಲ್ಲಿರುವ ದೊಡ್ಡ ಕಂಬಗಳ ಫ್ರಟರ್ನಿಟಿ ಮನೆಗಳು ಬಂದದ್ದು ಬಹಳ ತಡವಾಗಿ, ಸುಮಾರು ನೂರು ವರ್ಷ ಆದಮೇಲೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಓದುಗರು ಇದರಲ್ಲಿ ಪದೇ ಪದೇ ಎಡವುತ್ತಾರೆ. ಫ್ರಟರ್ನಿಟಿ ಅಂದರೆ ಹಾಸ್ಟೆಲ್ ಅಲ್ಲ. ಹಾಸ್ಟೆಲ್ಲಿಗೆ ಅರ್ಜಿ ಹಾಕಿದರೆ, ಸೀಟಿದ್ದರೆ, ಸಿಗುತ್ತದೆ. ಫ್ರಟರ್ನಿಟಿಗೆ ನೀವು ಸೇರುವುದಿಲ್ಲ, ಅವರು ನಿಮ್ಮನ್ನು ಸೇರಿಸಿಕೊಳ್ಳುತ್ತಾರೆ. ಬೇಡ ಅಂದರೆ ಬೇಡ, ಕಾರಣ ಕೇಳುವಂತಿಲ್ಲ. ಓದು, ಅಂಕ, ವೃತ್ತಿ ಯಾವುದನ್ನೂ ಕೇಳದೆ ಸಹವಾಸಕ್ಕಾಗಿಯೇ ಕಟ್ಟಿಕೊಂಡದ್ದನ್ನು ಅಲ್ಲಿ ‘ಸೋಷಿಯಲ್’ ಫ್ರಟರ್ನಿಟಿ ಅನ್ನುತ್ತಾರೆ. ಎಫ್.ಎಚ್.ಸಿ. ಆ ಜಾತಿಯದು. ಆ ಹೆಸರು ಆಗ ಇರಲಿಲ್ಲ, ಅಷ್ಟೇ.

ಈಗ ಜೆಫರ್ಸನ್ ವಿಷಯಕ್ಕೆ ಬರೋಣ.

ಅವರು ಕಾಲೇಜಿಗೆ ಬಂದದ್ದು 1760ರಲ್ಲಿ, ಇನ್ನೂ 17 ತುಂಬಿರಲಿಲ್ಲ. ಎರಡು ವರ್ಷ ಓದಿದರು. ವಿಲಿಯಂ ಸ್ಮಾಲ್ ಅನ್ನುವ ಸ್ಕಾಟ್ಲೆಂಡಿನ ಮೇಷ್ಟ್ರು ಇವರಿಗೆ ಗಣಿತ, ವಿಜ್ಞಾನದ ರುಚಿ ಹತ್ತಿಸಿದರು. ಪಾದ್ರಿಗಳೇ ತುಂಬಿದ್ದ ಆ ಕಾಲೇಜಿನಲ್ಲಿ ಪಾದ್ರಿಯಲ್ಲದ ಮೇಷ್ಟ್ರು ಅವರು. ಸ್ಮಾಲ್, ವಕೀಲ ಜಾರ್ಜ್ ವಿತ್, ಗವರ್ನರ್ ಫ್ರಾನ್ಸಿಸ್ ಫಾಕಿಯರ್, ಈ ಮೂವರ ಜೊತೆ ಹುಡುಗ ಜೆಫರ್ಸನ್ ಗವರ್ನರ್ ಮನೆಯ ಊಟದ ಮೇಜಿಗೆ ಕೂರುತ್ತಿದ್ದರು. ಪಿಟೀಲು ಚೆನ್ನಾಗಿ ನುಡಿಸುತ್ತಿದ್ದರಿಂದ ಅಲ್ಲಿನ ಸಂಗೀತಕ್ಕೂ ಕರೆ ಇರುತ್ತಿತ್ತು. ಆ ಮೇಜಿನ ಬಗ್ಗೆ ಮುದುಕರಾದ ಮೇಲೂ ಕಣ್ಣು ಅರಳಿಸಿಕೊಂಡು ಬರೆದಿದ್ದಾರೆ. ಎಫ್.ಎಚ್.ಸಿ. ಬಗ್ಗೆ? ಒಂದೇ ಒಂದು ವಾಕ್ಯ.

ಅದು 1819ರ ಜೂನ್‌ನ ಪತ್ರ. ಜೆಫರ್ಸನ್‌ಗೆ ಆಗ 76. ತಾನು ಓದುತ್ತಿದ್ದಾಗ ಎಫ್.ಎಚ್.ಸಿ. ಎಂಬ ಸಂಘ ಇತ್ತು, ಆರೇ ವಿದ್ಯಾರ್ಥಿಗಳಿಗೆ ಮೀಸಲು, ತಾನೂ ಅದರಲ್ಲಿದ್ದೆ, ಆದರೆ ಅದರಿಂದ ಉಪಯೋಗದ ಕೆಲಸ ಏನೂ ಇರಲಿಲ್ಲ, ಈಗ ಇದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಇಷ್ಟೇ. ಹುಡುಗಾಟದ ಬಗ್ಗೆ ಅಜ್ಜಂದಿರು ಕೈ ಕೊಡವಿಕೊಳ್ಳುವ ಧಾಟಿಯೇ ಇದು, ಅಲ್ವಾ?

ನನಗೆ ಕೇಳಿದರೆ ಜೆಫರ್ಸನ್ ಇಲ್ಲಿ ಸ್ವಲ್ಪ ಅನ್ಯಾಯ ಮಾಡಿದ್ದಾರೆ. ಅವರ ಹತ್ತು ವರ್ಷದ ನಂತರ ಬಂದ ಹುಡುಗರನ್ನು ನೋಡಿ. 1770ರ ದಶಕದ ಶುರುವಿನಲ್ಲಿ ಸಂಘದಲ್ಲಿದ್ದವರು ಜೇಮ್ಸ್ ಇನ್ಸ್, ಸೇಂಟ್ ಜಾರ್ಜ್ ಟಕರ್ ಮೊದಲಾದವರು. ಇವರು ಸಂಘಕ್ಕೊಂದು ಲೈಬ್ರರಿ ಮಾಡಬೇಕು ಅಂತ ಹೊರಟವರು. ಯಾವ ಯಾವ ಪುಸ್ತಕ ತರಿಸಬೇಕು ಅಂತ ಕಾಲೇಜಿನ ಮೇಷ್ಟ್ರೊಬ್ಬರಿಂದ ಪಟ್ಟಿಯನ್ನೂ ಬರೆಸಿಕೊಂಡಿದ್ದರು. ಬರೀ ಕುಡಿದು ಕುಣಿಯುವ ಹುಡುಗರು ಪುಸ್ತಕದ ಪಟ್ಟಿ ಮಾಡಿಸುತ್ತಾರಾ? ಮುಂದೆ ಇನ್ಸ್ ವರ್ಜೀನಿಯಾದ ಅಟಾರ್ನಿ ಜನರಲ್ ಆದರು. ಟಕರ್ ಅದೇ ಕಾಲೇಜಿನಲ್ಲಿ ಕಾನೂನು ಪ್ರಾಧ್ಯಾಪಕರಾದರು. ವರ್ಜೀನಿಯಾದಲ್ಲಿ ಗುಲಾಮಗಿರಿಯನ್ನು ಹಂತಹಂತವಾಗಿ ತೆಗೆಯಬೇಕು ಅಂತ 1796ರಲ್ಲಿ ಒಂದು ಯೋಜನೆ ಬರೆದು ಶಾಸನಸಭೆಗೆ ಕಳಿಸಿದರು. ಸಭೆ ಅದನ್ನು ಮೂಸಿಯೂ ನೋಡಲಿಲ್ಲ, ಅದು ಬೇರೆ ಮಾತು.

ಗುಲಾಮಗಿರಿಯ ಮಾತು ಬಂತಲ್ಲ, ಅದನ್ನು ದಾಟಿ ಹೋಗುವುದು ಸರಿಯಲ್ಲ. ‘ಅಣ್ಣತಮ್ಮಂದಿರ ಸಂಘ’ ಅಂದೆವು. ಜೆಫರ್ಸನ್ ಕಾಲೇಜಿಗೆ ಒಬ್ಬರೇ ಬಂದಿರಲಿಲ್ಲ. ಜೂಪಿಟರ್ ಅನ್ನುವ ಗುಲಾಮ ಹುಡುಗ ಜೊತೆಗಿದ್ದ. ಇಬ್ಬರೂ ಹುಟ್ಟಿದ್ದು ಒಂದೇ ವರ್ಷ, 1743ರಲ್ಲಿ. ಹುಟ್ಟಿದ ಎಸ್ಟೇಟೂ ಒಂದೇ. ಮುಂದೆ ಕೈಯಲ್ಲಿ ಚಿಲ್ಲರೆ ಇಲ್ಲದಾಗ ಜೆಫರ್ಸನ್ ಈ ಜೂಪಿಟರ್ ಹತ್ತಿರವೇ ಕಾಸು ಸಾಲ ತೆಗೆದುಕೊಳ್ಳುತ್ತಿದ್ದರು, ಅದನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಯಜಮಾನನಿಗೆ ಸಾಲ ಕೊಡುವಷ್ಟು ಹತ್ತಿರದವನು, ಸಂಘದ ಬಾಗಿಲಿನಾಚೆಯವನು. ಆ ಕಾಲೇಜಿನ ಹಣವೂ ಗುಲಾಮರು ದುಡಿದ ತಂಬಾಕು ತೋಟದಿಂದ ಬಂದದ್ದೇ. 2009ರಿಂದ ಈಚೆಗೆ ಕಾಲೇಜು ತಾನೇ ಈ ಚರಿತ್ರೆಯನ್ನು ಕೆದಕಿ ತೆಗೆಯುತ್ತಿದೆ. ಆ ಕೆಲಸಕ್ಕೆ ಇಟ್ಟ ಹೆಸರು ಲೆಮನ್ ಪ್ರಾಜೆಕ್ಟ್. ಲೆಮನ್ ಅಂದರೆ ನಿಂಬೆಹಣ್ಣಲ್ಲ, ಕಾಲೇಜಿನ ಗುಲಾಮನಾಗಿದ್ದ ಒಬ್ಬ ಮನುಷ್ಯನ ಹೆಸರು.

ಈಗ ಗ್ರೀಕ್ ಅಕ್ಷರದ ಕಥೆ.

ಎಫ್.ಎಚ್.ಸಿ.ಯಲ್ಲಿ ಆರೇ ಕುರ್ಚಿ. ಉಳಿದವರಿಗೆ ಹೊಟ್ಟೆಕಿಚ್ಚು ಇಲ್ಲದಿರುತ್ತದೆಯೇ? 1773ರಲ್ಲಿ ಅದೇ ಕಾಲೇಜಿನಲ್ಲಿ ಪಿ.ಡಿ.ಎ. ಅಂತ ಇನ್ನೊಂದು ಸಂಘ ಎದ್ದಿತು. ಅದೂ ಲ್ಯಾಟಿನ್ ಹೆಸರಿನದೇ, ಅದೂ ಗುಟ್ಟಿನದೇ. ಹೊರಗಿನವರು ಅದನ್ನು ‘ಪ್ಲೀಸ್ ಡೋಂಟ್ ಆಸ್ಕ್’ ಅಂತ ಬಿಡಿಸಿದರು. ‘ದಯವಿಟ್ಟು ಕೇಳಬೇಡಿ’! ಚಪ್ಪಟೆ ಟೋಪಿಗಿಂತ ಇದು ಒಂದು ಕೈ ಮೇಲು ಅಂತ ನನ್ನ ಅನಿಸಿಕೆ.

ಆ ಹೊತ್ತಿಗೆ ಜಾನ್ ಹೀತ್ ಅನ್ನುವ ಹುಡುಗ ಕಾಲೇಜಿನಲ್ಲಿದ್ದ. ಗ್ರೀಕ್ ಭಾಷೆಯಲ್ಲಿ ಎತ್ತಿದ ಕೈ. ಲ್ಯಾಟಿನ್ ಹೆಸರಿನ ಸಂಘಕ್ಕೆ ಸೇರಲು ಹೋದ, ಅವರು ಬೇಡ ಅಂದರು ಅನ್ನುವುದು ಕಾಲೇಜಿನಲ್ಲಿ ಉಳಿದು ಬಂದ ಮಾತು. ಹುಡುಗ ಸುಮ್ಮನೆ ಕೂರಲಿಲ್ಲ. 1776ರ ಡಿಸೆಂಬರ್ 5ರಂದು ನಾಲ್ವರು ಗೆಳೆಯರನ್ನು ಸೇರಿಸಿಕೊಂಡು ತನ್ನದೇ ಸಂಘ ಕಟ್ಟಿದ. ‘ನಿಮ್ಮದು ಲ್ಯಾಟಿನ್ ತಾನೇ, ನಮ್ಮದು ಗ್ರೀಕ್’ ಅನ್ನುವ ಹಾಗೆ ‘ಫಿಲೊಸೋಫಿಯ ಬಿಯು ಕ್ಯುಬೆರ್ನೇತೇಸ್’ ಎಂಬ ಗ್ರೀಕ್ ಮಾತು ಆರಿಸಿದ. ಜ್ಞಾನದ ಪ್ರೀತಿಯೇ ಬಾಳಿನ ದೋಣಿಗೆ ಚುಕ್ಕಾಣಿ ಹಿಡಿಯುವವನು ಅಂತ ಅರ್ಥ. ಅದರ ಮೊದಲಕ್ಷರಗಳೇ ಫೈ, ಬೀಟಾ, ಕಪ್ಪಾ. ಇವತ್ತು ಅಮೆರಿಕದಲ್ಲಿ ತುಂಬ ಚೆನ್ನಾಗಿ ಓದುವವರಿಗೆ ಸಿಗುವ ದೊಡ್ಡ ಗೌರವ ಫೈ ಬೀಟಾ ಕಪ್ಪಾ, ಕೇಳಿರುತ್ತೀರಿ. ಅದೇ ಇದು. ಶುರುವಿನಲ್ಲಿ ಇದೂ ಪ್ರಮಾಣವಚನ, ಗುಟ್ಟಿನ ಕೈಕುಲುಕು, ಬೆಳ್ಳಿ ಪದಕ ಇದ್ದ ಗೆಳೆಯರ ಕೂಟವೇ. ಪದಕದ ಒಂದು ಕೊನೆಗೆ ಮುಂದೆ ಒಂದು ಕಡ್ಡಿ ಸೇರಿಸಿ ಗಡಿಯಾರಕ್ಕೆ ಕೀ ಕೊಡುವ ಬೀಗದ ಕೈ ಮಾಡಿಕೊಂಡರು. ಈಗಲೂ ಆ ಸಂಘದವರ ಗುರುತು ಆ ಕೀಲಿಯೇ, ಕೀ ಕೊಡುವ ಗಡಿಯಾರ ಹೋಗಿ ಎಷ್ಟೋ ಕಾಲವಾಯಿತು.

ಅಂದಿನಿಂದ ಯಾರು ವಿದ್ಯಾರ್ಥಿ ಸಂಘ ಕಟ್ಟಿದರೂ ಗ್ರೀಕ್ ಅಕ್ಷರ ಹುಡುಕುವುದೇ ಚಾಳಿಯಾಯಿತು. ನಿಮ್ಮ ಮಗಳು ದಿನಾ ನೋಡುವ ಆ ಅಕ್ಷರಗಳ ಹಿಂದೆ ಇರುವುದು ಒಂದು ‘ಬೇಡ’ ಅನ್ನುವ ಮಾತು.

ಫೈ ಬೀಟಾ ಕಪ್ಪಾದವರು ಸೇರುತ್ತಿದ್ದದ್ದು ರಾಲಿ ಟ್ಯಾವರ್ನ್ ಎಂಬ ಛತ್ರದಂಥ ಹೋಟೆಲಿನ ಅಪೊಲೊ ಕೋಣೆಯಲ್ಲಿ ಅಂತ ಪ್ರತೀತಿ. ರೆನ್ ಕಟ್ಟಡದಿಂದ ಅದೇ ನೇರ ರಸ್ತೆಯಲ್ಲಿ ಕಾಲು ಗಂಟೆಯ ನಡಿಗೆ. ನಾನು ಅಲ್ಲಿಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಬೆಂಕಿಗೂಡಿನ ಮೇಲೆ ಚಿನ್ನದ ಬಣ್ಣದಲ್ಲಿ ಬರೆದ ಲ್ಯಾಟಿನ್ ಸಾಲು: ನಗುನಲಿವು ಅನ್ನುವುದು ವಿವೇಕಕ್ಕೂ ಒಳ್ಳೆಯ ಬಾಳಿಗೂ ಹುಟ್ಟಿದ ಕೂಸು. ಇದೇ ಕೋಣೆಯಲ್ಲಿ 1763ರ ಅಕ್ಟೋಬರ್‌ನ ಒಂದು ರಾತ್ರಿ ಜೆಫರ್ಸನ್ ರೆಬೆಕಾ ಬರ್ವೆಲ್ ಎಂಬ ಹುಡುಗಿಯ ಜೊತೆ ಕುಣಿದರು. ಮನಸ್ಸಿನಲ್ಲಿದ್ದದ್ದನ್ನು ಹೇಳಬೇಕು ಅಂತ ಮಾತು ಕಟ್ಟಿಕೊಂಡು ಹೋಗಿದ್ದರು. ಬಾಯಿಗೆ ಬಂದದ್ದು ನಾಲ್ಕು ತೊದಲು ಮಾತು. ಮರುದಿನ ಕಾಲೇಜಿನ ಗೆಳೆಯ ಜಾನ್ ಪೇಜ್‌ಗೆ ಅದನ್ನೆಲ್ಲ ಬರೆದು ಗೋಳಾಡಿಕೊಂಡರು. ಆಮೇಲೆ ಸ್ವಾತಂತ್ರ್ಯ ಘೋಷಣೆ ಬರೆದ ಕೈ ಅದೇ.

ಸರಿ, ಎಫ್.ಎಚ್.ಸಿ. ಸತ್ತಿದ್ದು ಹೇಗೆ?

ಸತ್ತ ವರ್ಷ 1781. ಕಾರಣ ಕೇಳಿದರೆ ಎಲ್ಲರೂ ಯುದ್ಧ ಅನ್ನುತ್ತಾರೆ, ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧ. ಅದು ಸುಳ್ಳಲ್ಲ. ಆ ವರ್ಷ ಜನವರಿಯಲ್ಲಿ ಬ್ರಿಟಿಷ್ ಸೈನ್ಯ ವರ್ಜೀನಿಯಾಕ್ಕೆ ನುಗ್ಗಿತು. ಜೂನ್ ಹೊತ್ತಿಗೆ ಜನರಲ್ ಕಾರ್ನ್‌ವಾಲಿಸ್ ವಿಲಿಯಮ್ಸ್‌ಬರ್ಗಿಗೇ ಬಂದು ಕಾಲೇಜಿನ ಅಧ್ಯಕ್ಷರ ಮನೆಯಲ್ಲಿ ಬಿಡಾರ ಹೂಡಿದರು. ಕಾಲೇಜು ಬಾಗಿಲು ಹಾಕಿತು. ಹುಡುಗರು ಕೆಲವರು ಊರಿಗೆ, ಕೆಲವರು ಸೈನ್ಯಕ್ಕೆ. ಊರಿನಿಂದ ಸುಮಾರು 20 ಕಿಲೋಮೀಟರ್ ದೂರದ ಯಾರ್ಕ್‌ಟೌನ್‌ನಲ್ಲಿ ಅಕ್ಟೋಬರ್ 19ರಂದು ಕಾರ್ನ್‌ವಾಲಿಸ್ ಸೈನ್ಯ ಶರಣಾಯಿತು. ಮೈ ಸರಿಯಿಲ್ಲ ಅಂತ ಹೇಳಿ ಕತ್ತಿ ಒಪ್ಪಿಸಲು ಅವರು ತಾವು ಬರಲಿಲ್ಲ, ಕೆಳಗಿನ ಅಧಿಕಾರಿಯನ್ನು ಕಳಿಸಿದರು. ಆಮೇಲೆ ಅದೇ ಅಧ್ಯಕ್ಷರ ಮನೆಯನ್ನು ಫ್ರೆಂಚರು ಆಸ್ಪತ್ರೆ ಮಾಡಿಕೊಂಡಿದ್ದಾಗ ಬೆಂಕಿ ಬಿತ್ತು. ರಿಪೇರಿಯ ಖರ್ಚು ಫ್ರೆಂಚರೇ ಕೊಟ್ಟರು.

ಈ ಕಾರ್ನ್‌ವಾಲಿಸ್ ಹೆಸರು ನಿಮಗೆ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಹೌದು, ಅದೇ ಆಸಾಮಿ. ಐದು ವರ್ಷದ ನಂತರ ಗವರ್ನರ್ ಜನರಲ್ ಆಗಿ ನಮ್ಮ ದೇಶಕ್ಕೆ ಬಂದರು. 1791ರ ಮಾರ್ಚ್‌ನಲ್ಲಿ ಬೆಂಗಳೂರಿನ ಪೇಟೆ, ಆಮೇಲೆ ಕೋಟೆ ಹಿಡಿದರು. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನಿಂದ ಅರ್ಧ ರಾಜ್ಯ ಕಿತ್ತುಕೊಂಡರು, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡರು. ಅಮೆರಿಕದ ಹುಡುಗರ ಗುಪ್ತಸಂಘವನ್ನು ಓಡಿಸಿದ ಮನುಷ್ಯನೇ ಬೆಂಗಳೂರು ಕೋಟೆಯ ಗೋಡೆಗೂ ತೂತು ಹೊಡೆಸಿದ್ದು. ಕೆ.ಆರ್. ಮಾರ್ಕೆಟ್ ಹತ್ತಿರದ ಕೋಟೆ ಬಾಗಿಲಿನ ಪಕ್ಕ ಆ ತೂತು ಬಿದ್ದ ಜಾಗಕ್ಕೆ ಕಲ್ಲಿನ ಫಲಕ ಇದೆ, ನೋಡಿ.

ಆದರೆ ಯುದ್ಧ ಅನ್ನುವ ಉತ್ತರ ನನಗೆ ಸಾಲದು. ಯಾಕೆಂದರೆ ಅದೇ ಯುದ್ಧ ಫೈ ಬೀಟಾ ಕಪ್ಪಾದ ಮೇಲೂ ಬಿದ್ದಿತು. ಅವರೂ 1781ರ ಜನವರಿಯಲ್ಲೇ ಕೊನೆಯ ಸಭೆ ಮಾಡಿ, ದಾಖಲೆಗಳನ್ನು ಕಟ್ಟಿ ಮುದ್ರೆ ಹಾಕಿ, ಕಾಲೇಜಿನ ಉಗ್ರಾಣ ನೋಡಿಕೊಳ್ಳುವವರ ಕೈಗೆ ಕೊಟ್ಟು ಚದುರಿಹೋದರು. ಎರಡೂ ಸಂಘಕ್ಕೆ ಒಂದೇ ಏಟು. ಒಂದು ಎದ್ದಿತು, ಒಂದು ಏಳಲಿಲ್ಲ.

ವ್ಯತ್ಯಾಸ ಎಲ್ಲಿತ್ತು ಅಂದರೆ, ಎಲೈಷಾ ಪಾರ್ಮಲಿ ಎಂಬ ಒಬ್ಬ ಹುಡುಗನಲ್ಲಿ. ಉತ್ತರದ ಕನೆಕ್ಟಿಕಟ್ ಕಡೆಯವನು. ಯೇಲ್‌ನಲ್ಲಿ ಓದು ಶುರು ಮಾಡಿ ಹಾರ್ವರ್ಡ್‌ನಲ್ಲಿ ಮುಗಿಸಿ ವರ್ಜೀನಿಯಾಕ್ಕೆ ಬಂದಿದ್ದ. ಇಲ್ಲಿ ಫೈ ಬೀಟಾ ಕಪ್ಪಾ ಸೇರಿದ. ಊರಿಗೆ ವಾಪಸು ಹೊರಟಾಗ, ಅಲ್ಲಿಯೂ ಶಾಖೆ ತೆರೆಯುತ್ತೇನೆ, ಸನ್ನದು ಕೊಡಿ ಅಂತ ಕೇಳಿದ. 1779ರ ಡಿಸೆಂಬರ್‌ನಲ್ಲಿ ಕೊಟ್ಟರು. ಯೇಲ್ ಶಾಖೆ 1780ರ ನವೆಂಬರ್‌ನಲ್ಲಿ, ಹಾರ್ವರ್ಡ್ ಶಾಖೆ 1781ರ ಸೆಪ್ಟೆಂಬರ್‌ನಲ್ಲಿ ಶುರುವಾದವು. ತಾರೀಖು ಗಮನಿಸಿ. ಹಾರ್ವರ್ಡ್ ಶಾಖೆ ಹುಟ್ಟುವಾಗ ತಾಯಿ ಸಂಘ ಮುಚ್ಚಿ ಎಂಟು ತಿಂಗಳಾಗಿತ್ತು. ಬಾಳೆ ಗೊನೆ ಕಡಿದು ದಿಂಡು ಬೀಳಿಸಿದರೂ ಪಕ್ಕದಲ್ಲಿ ಕಂದು ಎದ್ದಿರುತ್ತದಲ್ಲ, ಹಾಗೆ.

ಎಫ್.ಎಚ್.ಸಿ.ಗೆ ಕಂದು ಇರಲಿಲ್ಲ. ಆರೇ ಜನ ಅನ್ನುವುದು ಅದರ ಗತ್ತು. ಗತ್ತೇ ಮುಳುವಾಯಿತು. ಒಂದು ಸಣ್ಣ ಕಾಲೇಜಿನ ಆರು ಹುಡುಗರು ಒಟ್ಟಿಗೆ ಊರು ಬಿಟ್ಟರೆ, ಆ ಕೈಕುಲುಕನ್ನು ಮುಂದಿನ ಹುಡುಗನಿಗೆ ಹೇಳಿಕೊಡಲು ಯಾರು ಉಳಿದರು? ಒಂದೇ ಒಂದು ವರ್ಷ ತಪ್ಪಿದರೆ ಸಾಕು, ಸರಪಳಿ ಕಡಿದಂತೆ.

ಇನ್ನೊಂದು ಪೆಟ್ಟು ಅದಕ್ಕೂ ಮೊದಲೇ ಬಿದ್ದಿತ್ತು. 1779ರಲ್ಲಿ ಜೆಫರ್ಸನ್ ವರ್ಜೀನಿಯಾದ ಗವರ್ನರ್ ಆದರು. ಕಾಲೇಜನ್ನು ಬುಡಮೇಲು ಮಾಡಿದರು. ಹುಡುಗರ ಗ್ರಾಮರ್ ಸ್ಕೂಲು, ಪಾದ್ರಿ ತಯಾರಿಸುವ ವಿಭಾಗ ಎರಡನ್ನೂ ತೆಗೆಸಿ, ಕಾನೂನಿಗೆ ಹೊಸ ಪೀಠ ಮಾಡಿ ತಮ್ಮ ಹಳೆಯ ಗುರು ವಿತ್ ಅವರನ್ನು ಕೂರಿಸಿದರು. 1780ರಲ್ಲಿ ರಾಜಧಾನಿಯನ್ನೇ ರಿಚ್ಮಂಡ್‌ಗೆ ಸಾಗಿಸಿದರು. ಶಾಸನಸಭೆ ಹೋದ ಮೇಲೆ ವಿಲಿಯಮ್ಸ್‌ಬರ್ಗ್‌ನಲ್ಲಿ ಏನಿದೆ? ಸಂತೆ ಎದ್ದುಹೋದ ಬಯಲು. ದೊಡ್ಡ ಮನೆತನದ ಮಕ್ಕಳು ಊರಿಗೆ ಬಂದು ಸೇರುವುದೂ, ಅವರಿಗಾಗಿ ಆರು ಕುರ್ಚಿಯ ಕೂಟ ಇರುವುದೂ ಅದರ ಜೊತೆಗೇ ತಣ್ಣಗಾಯಿತು. ಉಪಯೋಗವಿಲ್ಲದ ಸಂಘ ಅಂದವರೇ ಅದು ಬೆಳೆದ ಮಣ್ಣನ್ನೂ ಅಗೆದುಹಾಕಿದ್ದರು. ಬೇಕೆಂದೇ ಅಲ್ಲ. ಆದರೂ ಆಯಿತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಯೇಲ್, ಹಾರ್ವರ್ಡ್ ಕಡೆಯಿಂದ ಫೈ ಬೀಟಾ ಕಪ್ಪಾ ಹಬ್ಬಿತು. 1826ರಲ್ಲಿ ವಿಲಿಯಂ ಮಾರ್ಗನ್ ಎಂಬಾತ ಫ್ರೀಮೇಸನ್ನರು ಎಂಬ ಗುಪ್ತಸಂಘದವರ ಗುಟ್ಟನ್ನು ಅಚ್ಚು ಹಾಕಿಸಲು ಹೊರಟು ಕಾಣೆಯಾದ. ಅಮೆರಿಕದಲ್ಲೆಲ್ಲ ಗುಪ್ತಸಂಘಗಳ ಮೇಲೆ ಸಿಟ್ಟು ಎದ್ದಿತು. ಆ ಗಾಳಿಗೆ 1831ರಲ್ಲಿ ಹಾರ್ವರ್ಡ್ ಶಾಖೆ ಗುಟ್ಟನ್ನು ಕೈಬಿಟ್ಟಿತು, ನಿಧಾನವಾಗಿ ಇಡೀ ಸಂಘ ಓದಿನ ಗೌರವಕ್ಕೆ ತಿರುಗಿತು. ಗುಟ್ಟು, ಗೆಳೆತನ, ಕೈಕುಲುಕು ಬೇಕಾದವರು ಬೇರೆ ದಾರಿ ಹಿಡಿದರು. ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ 1825ರಲ್ಲಿ ಕಪ್ಪಾ ಆಲ್ಫಾ, 1827ರಲ್ಲಿ ಸಿಗ್ಮಾ ಫೈ ಮತ್ತು ಡೆಲ್ಟಾ ಫೈ ಹುಟ್ಟಿದವು. ನೀವು ನೋಡಿದ ಫ್ರಟರ್ನಿಟಿಗಳ ವಂಶ ಅಲ್ಲಿಂದ.

ಶಾಖೆ ಇದ್ದರೆ ಸಾಕು, ಸಾವಿಲ್ಲ ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. 1812ರಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಕುಕ್ಲೋಸ್ ಅಡೆಲ್ಫೋನ್’, ಅಣ್ಣತಮ್ಮಂದಿರ ಬಳಗ, ದಕ್ಷಿಣದ ಎಷ್ಟೋ ಕಡೆ ಶಾಖೆ ಮಾಡಿತ್ತು. ಅಂತರ್ಯುದ್ಧ ಮುಗಿಯುವ ಹೊತ್ತಿಗೆ ಅದೂ ಇರಲಿಲ್ಲ. ಇನ್ನು ಕೆಲವು ಸಾಯಲಿಲ್ಲ, ದೊಡ್ಡದರ ಹೊಟ್ಟೆಗೆ ಹೋದವು. ಮಿಸಿಸಿಪಿ ವಿಶ್ವವಿದ್ಯಾಲಯದಲ್ಲಿ 1848ರಲ್ಲಿ ಶುರುವಾದ ರೇನ್‌ಬೋ ಎಂಬ ಸಂಘ 1880ರ ದಶಕದಲ್ಲಿ ಡೆಲ್ಟಾ ಟೌ ಡೆಲ್ಟಾ ಜೊತೆ ಸೇರಿಹೋಯಿತು. ಈಗಲೂ ಆ ಫ್ರಟರ್ನಿಟಿಯ ಪತ್ರಿಕೆಯ ಹೆಸರು ‘ದ ರೇನ್‌ಬೋ’. ಹೆಣ್ಣು ಮದುವೆಯಾಗಿ ಹೋದ ಮೇಲೂ ಪೆಟ್ಟಿಗೆಯ ಮೇಲೆ ತವರಿನ ಹೆಸರು ಉಳಿದ ಹಾಗೆ.

ಎಫ್.ಎಚ್.ಸಿ.ಗೂ ಹಾಗೇ ಆಯಿತು, ಆದರೆ ಸತ್ತು 130 ವರ್ಷದ ನಂತರ. 1911ರಲ್ಲಿ ಕಾಲೇಜಿನ ವಿದ್ಯಾರ್ಥಿಗಳು ಪತ್ರಿಕೆ ಶುರು ಮಾಡಿದರು. ಹೆಸರು ಏನಿಡೋಣ ಅಂದಾಗ ಸಿಕ್ಕಿದ್ದು ಅಣಕದ ಆ ಹಳೆಯ ಹೆಸರು: ‘ದ ಫ್ಲಾಟ್ ಹ್ಯಾಟ್’. ತಲೆಬರಹದ ಜೊತೆಗೆ ಅದೇ ‘ಸ್ಟಬಿಲಿಟಾಸ್ ಎಟ್ ಫಿಡೆಸ್’. ಆಮೇಲೆ 1916ರಲ್ಲಿ ಫ್ಲಾಟ್ ಹ್ಯಾಟ್ ಕ್ಲಬ್ ಅಂತಲೇ ಸಂಘವನ್ನು ಎಬ್ಬಿಸಿದರು. ಎರಡನೇ ಮಹಾಯುದ್ಧ ಅದನ್ನೂ ಮಲಗಿಸಿತು. 1972ರಲ್ಲಿ ಇನ್ನೊಮ್ಮೆ ಎದ್ದಿತು. ಇವು ಹಳೆಯ ಸಂಘದ ಮುಂದುವರಿಕೆ ಅಂತ ನಾನು ಒಪ್ಪುವುದಿಲ್ಲ. ಒಂದು ಸರಪಳಿಯ ಕೊಂಡಿ 135 ವರ್ಷ ಇಲ್ಲದಿದ್ದರೆ ಅದು ಹೊಸ ಸರಪಳಿಯೇ. ಹೆಸರಿನ ಮೇಲಿನ ಪ್ರೀತಿಗೆ ಮಾಡಿಕೊಂಡದ್ದು, ತಪ್ಪೇನಿಲ್ಲ. ಜೆಫರ್ಸನ್ ಕುಳಿತಿದ್ದ ಸಂಘ 1781ಕ್ಕೇ ಮುಗಿಯಿತು.

ಕೊನೆಗೆ, ನೀವು ನೋಡಿದ ಊರಿನ ಬಗ್ಗೆ ಒಂದು ವಿಷಯ. ಆ ಅಪೊಲೊ ಕೋಣೆ ಹಳೆಯದಲ್ಲ. ರಾಲಿ ಟ್ಯಾವರ್ನ್ 1859ರಲ್ಲೇ ಸುಟ್ಟುಹೋಗಿತ್ತು. 1924ರಲ್ಲಿ ವಿಲಿಯಮ್ಸ್‌ಬರ್ಗಿನ ಪಾದ್ರಿ ಡಬ್ಲ್ಯು.ಎ.ಆರ್. ಗುಡ್‌ವಿನ್ ನ್ಯೂಯಾರ್ಕಿನಲ್ಲಿ ಒಂದು ಔತಣಕ್ಕೆ ಹೋಗಿದ್ದರು. ಅದು ಫೈ ಬೀಟಾ ಕಪ್ಪಾದ ಔತಣ. ಅಲ್ಲಿ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಸಿಕ್ಕರು, ಅವರೂ ಆ ಸಂಘದವರೇ. ನಮ್ಮ ಊರನ್ನು ಒಮ್ಮೆ ಬಂದು ನೋಡಿ ಅಂತ ಪಾದ್ರಿ ಬೆನ್ನು ಬಿದ್ದರು. 1926ರಲ್ಲಿ ಕಾಲೇಜಿನಲ್ಲಿ ಫೈ ಬೀಟಾ ಕಪ್ಪಾ ಸ್ಮಾರಕ ಭವನ ತೆರೆದಾಗ ರಾಕ್‌ಫೆಲರ್ ಬಂದರು, ಊರನ್ನು ಮತ್ತೆ ಹಳೆಯ ಹಾಗೆ ಕಟ್ಟಲು ಹಣ ಬಿಚ್ಚಿದರು. ರಾಲಿ ಟ್ಯಾವರ್ನ್ ಎದ್ದು ನಿಂತು 1932ರಲ್ಲಿ ಬಾಗಿಲು ತೆರೆಯಿತು. ಅಂದರೆ ನೀವು ಟಿಕೆಟ್ ಕೊಟ್ಟು ನೋಡಿದ ಆ ಹದಿನೆಂಟನೇ ಶತಮಾನ, ‘ಬೇಡ’ ಅನ್ನಿಸಿಕೊಂಡ ಆ ಗ್ರೀಕ್ ಹುಡುಗನ ಸಂಘದ ಊಟದಲ್ಲಿ ಕುದುರಿದ ವ್ಯವಹಾರ.

ಮಗಳು ಇನ್ನೊಮ್ಮೆ ಆ ಕಡೆ ಹೋದರೆ ಕ್ಯಾಂಪಸ್‌ನಲ್ಲಿ ‘ದ ಫ್ಲಾಟ್ ಹ್ಯಾಟ್’ ಪತ್ರಿಕೆ ಹುಡುಕಲು ಹೇಳಿ. ತಲೆಬರಹದ ಹತ್ತಿರ ಆ ಲ್ಯಾಟಿನ್ ಸಾಲು ಸಣ್ಣದಾಗಿ ಇರುತ್ತದೆ.